ಸ್ಟ್ರೋಲರ್‌ಗೆ ಎಷ್ಟು ಖರ್ಚು ಮಾಡಬೇಕು?

ಪ್ರಶ್ನೆ: ನಮ್ಮ ಮಗುವಿಗೆ ನಾಲ್ಕು ತಿಂಗಳು. ಅಂಗಡಿಯಲ್ಲಿ 4,000 ರೂಪಾಯಿಯ ಸ್ಟ್ರೋಲರೂ ಇದೆ, 25,000 ರೂಪಾಯಿಯದೂ ಇದೆ. ಇಷ್ಟೊಂದು ವ್ಯತ್ಯಾಸ ಯಾಕೆ? ಯಾವುದನ್ನು ಕೊಳ್ಳಲಿ?

ಉತ್ತರ: ಬೆಲೆ ಎಷ್ಟೇ ಇರಲಿ, ಎರಡು ವಿಷಯದಲ್ಲಿ ರಾಜಿ ಬೇಡ. ಇನ್ನೂ ಕೂರಲು ಬಾರದ ಮಗುವಿಗೆ ಸೀಟು ಪೂರ್ತಿ ಹಿಂದಕ್ಕೆ ಒರಗಿ ಮಟ್ಟಸವಾಗಬೇಕು. ಬೆಲ್ಟು ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ನಡುವೆ, ಹೀಗೆ ಐದು ಕಡೆ ಹಿಡಿಯಬೇಕು. ಇವು ಅಗ್ಗದ ಗಾಡಿಗಳಲ್ಲೂ ಸಿಗುತ್ತವೆ.

ಹೆಚ್ಚಿನ ದುಡ್ಡು ಹೋಗುವುದು ಚಕ್ರಕ್ಕೆ, ಚೌಕಟ್ಟಿಗೆ. ಸಣ್ಣ ಪ್ಲಾಸ್ಟಿಕ್ ಚಕ್ರ ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಸಲೀಸಾಗಿ ಓಡುತ್ತದೆ. ಫುಟ್‌ಪಾತಿನ ಚಪ್ಪಡಿ ಸಂದಿಗೆ ಸಿಕ್ಕರೆ ಗಕ್ಕನೆ ನಿಲ್ಲುತ್ತದೆ. ನಡುಬೆಲೆಯವುಗಳಲ್ಲಿ ದೊಡ್ಡ ಚಕ್ರ, ಕುಲುಕಾಟ ತಗ್ಗಿಸುವ ಸ್ಪ್ರಿಂಗ್ ಇರುತ್ತವೆ. ದುಬಾರಿಯವುಗಳಲ್ಲಿ ಹಗುರ ಅಲ್ಯೂಮಿನಿಯಂ, ಒಂದೇ ಕೈಯಲ್ಲಿ ಮಡಚುವ ಸೌಕರ್ಯ. ಕೊಡೆಯಂತೆ ಮಡಚುವ ಹಗುರ ಸ್ಟ್ರೋಲರನ್ನು 1965ರಲ್ಲಿ ರೂಪಿಸಿದ ಬ್ರಿಟನ್ನಿನ ಓವೆನ್ ಮ್ಯಾಕ್ಲಾರೆನ್, ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರವ್ಯವಸ್ಥೆಗಾಗಿ ದುಡಿದಿದ್ದ ಎಂಜಿನಿಯರ್!

ಪಾರ್ಕು, ಕಾಂಪೌಂಡಿನೊಳಗಷ್ಟೇ ಸುತ್ತಾಟವೆಂದರೆ ಅಗ್ಗದ್ದೇ ಸಾಕು. ದಿನವೂ ರಸ್ತೆಗಿಳಿಯುವುದಾದರೆ ನಡುಬೆಲೆಯದನ್ನು ನೋಡಿ. ಲಿಫ್ಟ್ ಇಲ್ಲದ ಮನೆ, ಪದೇಪದೇ ಪ್ರಯಾಣ ಎಂದಾದರೆ ಮಾತ್ರ ಹಗುರತನಕ್ಕೆ ದುಡ್ಡು ಸುರಿಯಿರಿ. ಅಂಗಡಿಯಲ್ಲೇ ಮಡಚಿ, ಎತ್ತಿ, ಬ್ರೇಕು ಒತ್ತಿ ನೋಡಿ.

ಯಾವುದನ್ನೇ ಕೊಂಡರೂ ಹಿಡಿಕೆಗೆ ತರಕಾರಿ ಚೀಲ ನೇತುಹಾಕಬೇಡಿ. ಗಾಡಿ ಹಿಂದಕ್ಕೆ ಮಗುಚಬಹುದು. ಬಿಸಿಲೆಂದು ಬಟ್ಟೆ ಮುಚ್ಚಲೂಬೇಡಿ. ಗಾಳಿಯಾಡದೆ ಒಳಗೆ ಕಾವು ಏರುತ್ತದೆ.