ಎರಡು ಮಾತ್ರೆ ಸೋತ ಮೇಲೆ ಕೇಳಬೇಕಾದ ಪ್ರಶ್ನೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಪುಣೆಯಲ್ಲಿ ಕೋಡ್ ಬರೆಯೋನು. ಆದರೆ ನನ್ನ ತಮ್ಮನಿಗೆ 14ನೇ ವಯಸ್ಸಿನಿಂದ ಮೂರ್ಛೆರೋಗ ಇತ್ತು. ಒಂಬತ್ತು ವರ್ಷದಲ್ಲಿ ಐದು ಥರದ ಮಾತ್ರೆ ಬದಲಾದವು, ಫಿಟ್ಸ್ ಮಾತ್ರ ನಿಲ್ಲಲಿಲ್ಲ. ಪ್ರತಿ ಸಲ ‘ಇನ್ನೊಂದು ಮಾತ್ರೆ ನೋಡೋಣ’ ಅನ್ನೋ ಮಾತು ಕೇಳಿಕೊಂಡು ಮನೆಗೆ ಬರ್ತಿದ್ವಿ.

ಹೊಂದುವ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಕ್ಕೆ ಬಗ್ಗದ ಮೂರ್ಛೆರೋಗ. ಇದು ಅಂತರರಾಷ್ಟ್ರೀಯ ಸಂಘಟನೆ ಐಎಲ್‌ಎಇ 2010ರಲ್ಲಿ ಕೊಟ್ಟ ವ್ಯಾಖ್ಯೆ. ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಈ ಗುಂಪಿನವರು.

ಎರಡೇ ಯಾಕೆ? 2000ದಲ್ಲಿ ಪ್ರಕಟವಾದ ಗ್ಲಾಸ್ಗೋ ಅಧ್ಯಯನ ನೋಡಿ. ಹೊಸದಾಗಿ ಔಷಧ ಶುರುಮಾಡಿದ 470 ಜನರಲ್ಲಿ ಶೇ. 47 ಮಂದಿಗೆ ಮೊದಲ ಔಷಧದಲ್ಲೇ ಫಿಟ್ಸ್ ನಿಂತಿತು. ಎರಡನೆಯದು ಅಥವಾ ಮೂರನೆಯದರಿಂದ ನಿಂತಿದ್ದು ಶೇ. 14 ಮಂದಿಗೆ ಮಾತ್ರ. ಅಂದ್ರೆ ಮಾತ್ರೆ ಬದಲಾಯಿಸುತ್ತಾ ಹೋದಂತೆ ಸಿಗುವ ಲಾಭ ಕಡಿಮೆಯಾಗುತ್ತೆ.

ಹಾಗಂತ ಮೊದಲು ಪರೀಕ್ಷಿಸಬೇಕಾದ್ದೂ ಇದೆ. ಡೋಸ್ ತಪ್ಪುತ್ತಿದೆಯಾ? ಔಷಧ ರೋಗದ ಬಗೆಗೆ ಸರಿಯಾದದ್ದಾ? ಕಾರ್ಬಮಜೆಪಿನ್ ಕೆಲವು ಬಗೆಯ ಫಿಟ್ಸ್‌ಗಳನ್ನು ಹೆಚ್ಚಿಸಬಹುದು. ಕೆಲವೊಮ್ಮೆ ಅದು ಮೂರ್ಛೆರೋಗವೇ ಆಗಿರಲ್ಲ. ವಿಡಿಯೋ ಇಇಜಿಯಲ್ಲಿ ಇದು ತಿಳಿಯುತ್ತೆ. ಜೊತೆಗೆ ಎಂಆರ್‌ಐ ಸೇರಿದರೆ, ಫಿಟ್ಸ್ ಮೆದುಳಿನ ಒಂದೇ ಜಾಗದಿಂದ ಹೊರಡುತ್ತಾ ಅಂತ ಹುಡುಕಬಹುದು. ಹಾಗಿದ್ದರೆ ಶಸ್ತ್ರಚಿಕಿತ್ಸೆಗೆ ದಾರಿ.

ದೆಹಲಿಯ ಏಮ್ಸ್ 116 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 77, ಬರೀ ಔಷಧದಲ್ಲಿದ್ದವರಲ್ಲಿ ಶೇ. 7 ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯಾದ 57 ಮಕ್ಕಳಲ್ಲಿ 19 ಮಂದಿಗೆ ಗಂಭೀರ ತೊಂದರೆಗಳೂ ಆದವು. ಕೆಲವರಿಗೆ ದೇಹದ ಒಂದು ಬದಿಯ ಬಲ ಕುಂದಿತು. ಎರಡೂ ಸಂಖ್ಯೆ ನೋಡಿಯೇ ನಿರ್ಧರಿಸಬೇಕು.

ತಮ್ಮನಿಗೆ ಎಡಗಡೆ ಹಿಪ್ಪೊಕ್ಯಾಂಪಸ್ ಕುಗ್ಗಿತ್ತು. ‘ತಲೆಗೆ ಕತ್ತಿ ಹಾಕ್ಸೋದು ಬೇಡ ಕಣೋ, ಮಾತೇ ಹೋದ್ರೆ?’ ಅಂತ ಅಮ್ಮ ಅತ್ತರು. ಅವರ ಭಯ ಸುಳ್ಳಲ್ಲ. ಎಡಭಾಗಕ್ಕೂ ಪದಗಳ ನೆನಪಿಗೂ ನಂಟಿದೆ, ಅದಕ್ಕೇ ಮೊದಲು ನೆನಪಿನ ಪರೀಕ್ಷೆ ಮಾಡ್ತಾರೆ. ಕೊನೆಗೆ ‘ಮಾಡ್ಸಣ್ಣ’ ಅಂದಿದ್ದು ಅವನೇ. ಈಗ 14 ತಿಂಗಳಾಯ್ತು, ಒಂದೂ ಫಿಟ್ಸ್ ಬಂದಿಲ್ಲ. ಮಾತ್ರೆ ಮುಂದುವರಿದಿದೆ. ಕೆಲವು ಹೆಸರುಗಳು ಮಾತ್ರ ತಡವಾಗಿ ನೆನಪಾಗುತ್ತವೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಆಗಲ್ಲ. ಮಕ್ಕಳಿಗೆ ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರ ಇದೆ, ಅದನ್ನು ಡಾಕ್ಟರ್ ಮತ್ತು ಆಹಾರತಜ್ಞರ ನಿಗಾದಲ್ಲೇ ಕೊಡಬೇಕು. ಎದೆಯ ಚರ್ಮದಡಿ ಇಟ್ಟು ಕತ್ತಿನ ವೇಗಸ್ ನರವನ್ನು ಪ್ರಚೋದಿಸುವ ಸಾಧನವೂ ಇದೆ. ಇದರಿಂದ ಫಿಟ್ಸ್ ಕಡಿಮೆಯಾಗಬಹುದು, ಪೂರ್ತಿ ನಿಲ್ಲೋದು ಅಪರೂಪ.

ನಿಮ್ಮ ಮನೆಯಲ್ಲಿ ಎರಡು ಔಷಧ ಸೋತಿದ್ದರೆ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: ‘ಶಸ್ತ್ರಚಿಕಿತ್ಸೆ ಆಗುತ್ತಾ ಅಂತ ಪರೀಕ್ಷಿಸೋಣವಾ?’ ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಏಮ್ಸ್, ತಿರುವನಂತಪುರದ ಶ್ರೀ ಚಿತ್ರಾದಲ್ಲಿ ಈ ವ್ಯವಸ್ಥೆ ಇದೆ. ನಾವು ಈ ಪ್ರಶ್ನೆ ಕೇಳೋಕೆ ಒಂಬತ್ತು ವರ್ಷ ಹಿಡಿಯಿತು, ನೀವು ಅಷ್ಟು ಕಾಯಬೇಡಿ. ಮುಂದಿನ ವಾರ ಸಿಗೋಣ.