ಐ-ಮೋಡ್ ಗೆದ್ದದ್ದು ಹೇಗೆ?

ಪ್ರಶ್ನೆ: ಯುರೋಪಿನಲ್ಲಿ ಮುಗ್ಗರಿಸಿದ ಮೊಬೈಲ್ ಇಂಟರ್ನೆಟ್‌ಗಾಗಿ ಜಪಾನಿನ ಜನ ಹೊಸ ಹ್ಯಾಂಡ್‌ಸೆಟ್‌ಗೆ ಮುಗಿಬಿದ್ದದ್ದೇಕೆ?

ಉತ್ತರ: ಮುಖ್ಯ ಕಾರಣ ಬಿಲ್ಲಿನ ಲೆಕ್ಕ. ಯುರೋಪಿನ ಆರಂಭದ ವ್ಯಾಪ್ ಎಂಬ ಮೊಬೈಲ್ ಇಂಟರ್ನೆಟ್ ಸೇವೆಯಲ್ಲಿ ಪ್ರತಿ ಸಲವೂ ಕರೆ ಹಚ್ಚಿದಂತೆ ಸಂಪರ್ಕಕ್ಕೆ ಕಾಯಬೇಕಿತ್ತು; ಪುಟ ತೆರೆಯುವಷ್ಟರಲ್ಲಿ ನಿಮಿಷದ ಲೆಕ್ಕ ಏರುತ್ತಿತ್ತು. 1999ರ ಫೆಬ್ರವರಿಯಲ್ಲಿ ಜಪಾನಿನ ಮೊಬೈಲ್ ಕಂಪನಿ ಎನ್‌ಟಿಟಿ ಡೊಕೊಮೊ ಆರಂಭಿಸಿದ ಐ-ಮೋಡ್ ಎಂಬ ಇಂಟರ್ನೆಟ್ ಸೇವೆಯ ವೇಗವೂ ಸೆಕೆಂಡಿಗೆ 9.6 ಕಿಲೋಬಿಟ್ ಅಷ್ಟೇ. ಆದರೆ ಅಲ್ಲಿ ದುಡ್ಡು ಸಮಯಕ್ಕಲ್ಲ, ಡೇಟಾಗೆ. ರಿಂಗ್‌ಟೋನ್, ಚಿತ್ರ ಮಾರುವವರ ಶುಲ್ಕವನ್ನು ಕಂಪನಿಯೇ ಫೋನ್ ಬಿಲ್ಲಿನಲ್ಲಿ ವಸೂಲು ಮಾಡಿ, ಶೇ. 9ರಷ್ಟು ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ಕೊಡುತ್ತಿತ್ತು. ನನಗೆ ಕಾಣುವ ನಿಜವಾದ ಜಾಣತನ ಇದೇ. ಮಾರುವವರಿಗೆ ದುಡ್ಡು ಸಿಕ್ಕರೆ ನೋಡಲು ಏನಾದರೂ ಇರುತ್ತದೆ; ನೋಡಲು ಏನಾದರೂ ಇದ್ದರೆ ತಾನೇ ಬಣ್ಣದ ಪರದೆಯ ಹೊಸ ಫೋನಿನ ಆಸೆ! ಹ್ಯಾಂಡ್‌ಸೆಟ್ ಬೆಲೆಯಲ್ಲಿ ಒಂದು ಪಾಲನ್ನು ಸೇವಾ ಕಂಪನಿಗಳೇ ಹೊರುತ್ತಿದ್ದುದರಿಂದ ಹಳೆಯದನ್ನು ಬದಲಿಸುವುದೂ ಸುಲಭವಾಗಿತ್ತು. 2000ರಲ್ಲಿ ಪ್ರತಿಸ್ಪರ್ಧಿ ಕಂಪನಿ ಜೆ-ಫೋನ್ ಕ್ಯಾಮೆರಾ ಇರುವ ಫೋನನ್ನೇ ಮಾರುಕಟ್ಟೆಗೆ ಬಿಟ್ಟಿತು; ಡೊಕೊಮೊ ಅದನ್ನು ಹಿಂಬಾಲಿಸಲೇಬೇಕಾಯಿತು.