ಹಿಮದ ಮೇಲಿನ ಹೆಜ್ಜೆಗೆ ಪ್ರಸ್ತಾರ

ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ, ಮಂಜುಗಡ್ಡೆಯ ಮೇಲೆ ಜಾರುತ್ತ ನರ್ತಿಸುವ ಫಿಗರ್ ಸ್ಕೇಟಿಂಗ್ ಎಂಬ ಆಟವನ್ನು ತಾವೂ ಟೆಲಿವಿಷನ್ನಿನಲ್ಲಿ ನೋಡಿರಬಹುದು. ಆಟಗಾರ್ತಿ ಮೇಲಕ್ಕೆ ನೆಗೆದು, ಗಾಳಿಯಲ್ಲಿ ಮೂರು ಸುತ್ತು ಸುತ್ತಿ ಇಳಿಯುವಾಗ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಆಕೆ ಅಂಗಣದ ಉದ್ದಕ್ಕೂ ಹೆಜ್ಜೆಹಾಕುತ್ತ ಬರುವಾಗ ಯಾರಾದರೊಬ್ಬರು ಕಾಫಿಗೆಂದು ಎದ್ದುಹೋಗುತ್ತಾರೆ. ಹಾಗೆ ಎದ್ದುಹೋದವರಲ್ಲಿ ನಾನೂ ಒಬ್ಬ. ಎರಡು ನೆಗೆತಗಳ ನಡುವೆ ದಣಿವಾರಿಸಿಕೊಳ್ಳುವ ಉಪಾಯವೆಂದೇ ನಾನು ಆ ಹೆಜ್ಜೆಸಾಲನ್ನು ತಿಳಿದಿದ್ದೆ. ನನ್ನ ಮಗಳು ಅದೇ ತುಣುಕನ್ನು ಮೊಬೈಲಿನಲ್ಲಿ ಕಾಲುಭಾಗದ ವೇಗಕ್ಕೆ ಇಳಿಸಿ ತೋರಿಸಿದ ದಿನ ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಇದು ತಿಳಿಯಬೇಕಾದರೆ ಮೊದಲು ಸ್ಕೇಟಿನ ಅಲಗನ್ನು ತಿಳಿಯಬೇಕು. ಅದು ಚಾಕುವಿನ ಬಾಯಿಯಂತೆ ಒಂದೇ ಧಾರೆಯದಲ್ಲ. ಸುಮಾರು 4 ಮಿಲಿಮೀಟರ್ ದಪ್ಪದ ಆ ಉಕ್ಕಿನ ಪಟ್ಟಿಯ ತಳವನ್ನು ಉದ್ದಕ್ಕೂ ಸಣ್ಣ ಕಾಲುವೆಯಂತೆ ತೋಡಿರುತ್ತಾರೆ. ಆದುದರಿಂದ ಅದಕ್ಕೆ ಎರಡು ದಡಗಳು, ಒಳ ಅಂಚು ಮತ್ತು ಹೊರ ಅಂಚು. ದೇಹ ಯಾವ ಕಡೆಗೆ ವಾಲುವುದೋ ಆ ಕಡೆಯ ಅಂಚು ಹಿಮವನ್ನು ಕಚ್ಚುತ್ತದೆ, ಜಾಡೂ ಅತ್ತಲೇ ಬಾಗುತ್ತದೆ. ತಿರುವಿನಲ್ಲಿ ಸೈಕಲ್ಲು ವಾಲುವುದಿಲ್ಲವೇ, ಹಾಗೆ. ಎರಡು ಕಾಲು, ಎರಡು ಅಂಚು, ಮುಂದಕ್ಕೂ ಹಿಂದಕ್ಕೂ ಚಲನೆ. ಲೆಕ್ಕಹಾಕಿದರೆ ಒಟ್ಟು ಎಂಟು. ಹೆಜ್ಜೆಸಾಲೆಂಬುದು ಈ ಎಂಟು ಅಕ್ಷರಗಳಲ್ಲಿ ಬರೆದ ಬರವಣಿಗೆ.

ಒಂದೇ ಕಾಲಿನಲ್ಲಿ ಜಾರುತ್ತ, ಮುಂದುಮುಖದಿಂದ ಹಿಂದುಮುಖಕ್ಕೆ ತಿರುಗುವುದರಲ್ಲಿ ನಾಲ್ಕು ಮುಖ್ಯ ಬಗೆಗಳಿವೆ. ಮೊದಲನೆಯದು ‘ತ್ರೀ’. ಇದರಲ್ಲಿ ಅಂಚು ಬದಲಾಗುತ್ತದೆ, ಆದರೆ ಜಾಡು ಅದೇ ವೃತ್ತದಲ್ಲಿ ಮುಂದುವರಿಯುತ್ತದೆ. ತಿರುವಿನ ಮೊನೆ ವೃತ್ತದ ಒಳಕ್ಕೆ ಚಾಚಿರುತ್ತದೆ. ಹಿಮದ ಮೇಲೆ ಮೂಡುವ ಗೆರೆ ಇಂಗ್ಲಿಷಿನ 3ರಂತೆ ಕಾಣುವುದರಿಂದ ಈ ಹೆಸರು. (ನಮ್ಮ ೩ರಂತೆ ತಿರುಗಹೊರಟರೆ ಕಾಲು ಉಳುಕೀತು!) ಎರಡನೆಯದು ‘ಬ್ರ್ಯಾಕೆಟ್’. ಇಲ್ಲಿಯೂ ಅಂಚು ಬದಲಾಗುತ್ತದೆ, ವೃತ್ತ ಅದೇ. ಆದರೆ ಮೈ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಮೊನೆ ಹೊರಕ್ಕೆ ಚಾಚುತ್ತದೆ, ಗಣಿತದ ಪುಷ್ಪಾವರಣದ ಹಾಗೆ. ಉಳಿದ ಎರಡು, ‘ರಾಕರ್’ ಮತ್ತು ‘ಕೌಂಟರ್’, ಹೆಚ್ಚು ಕಠಿನ. ಅವುಗಳಲ್ಲಿ ಅಂಚು ಬದಲಾಗುವುದಿಲ್ಲ, ವೃತ್ತವೇ ಬದಲಾಗುತ್ತದೆ. ಆಟಗಾರ ಒಂದು ವೃತ್ತವನ್ನು ಬಿಟ್ಟು ನೆರೆಯ ವೃತ್ತಕ್ಕೆ ದಾಟುತ್ತಾನೆ. ರಾಕರಿನಲ್ಲಿ ಮೊನೆ ಮೊದಲ ವೃತ್ತದ ಒಳಕ್ಕೆ, ಕೌಂಟರಿನಲ್ಲಿ ಹೊರಕ್ಕೆ. ಇವಲ್ಲದೆ ಒಂಟಿಕಾಲಿನಲ್ಲಿ ಗಿರಗಿರನೆ ತಿರುಗುತ್ತಲೇ ಮುಂದೆ ಸಾಗುವ ‘ಟ್ವಿಜಲ್’, ಹಿಮದ ಮೇಲೆ ಸಣ್ಣ ಕುಣಿಕೆ ಬರೆಯುವ ‘ಲೂಪ್’, ಕಾಲು ಬದಲಿಸಿ ಎದುರು ಅಂಚಿಗೆ ತಿರುಗುವ ‘ಚಾಕ್ಟಾ’ ಇವೆ.

ಹಿಂದೆ ಈ ಗೆರೆಗಳನ್ನು ಓದುವುದೇ ತೀರ್ಪುಗಾರರ ಒಂದು ಕೆಲಸವಾಗಿತ್ತು. ಆಟಗಾರರು ಗೊತ್ತುಪಡಿಸಿದ ಆಕೃತಿಗಳನ್ನು ಹಿಮದ ಮೇಲೆ ನಿಧಾನವಾಗಿ ಬರೆಯಬೇಕು. ಅನಂತರ ತೀರ್ಪುಗಾರರು ಅಂಗಣಕ್ಕೇ ಇಳಿದು, ಬಗ್ಗಿ, ಗೆರೆಯನ್ನು ಪರೀಕ್ಷಿಸುವರು. ಫಿಗರ್ ಸ್ಕೇಟಿಂಗ್ ಎಂಬ ಹೆಸರೇ ಅದರಿಂದ ಬಂದುದು. 1990ರ ತರುವಾಯ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಆ ಭಾಗವನ್ನು ತೆಗೆದುಹಾಕಿದರು. ಈಗ ಗೆರೆಯನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅಂಚಿನ ಸಾಕ್ಷ್ಯವೇನಿದ್ದರೂ ಚಿತ್ರದಲ್ಲಿಯೇ.

ಆ ಸಾಕ್ಷ್ಯಕ್ಕೆ ಬೆಲೆಯುಂಟು. 2004ರಿಂದ ಜಾರಿಗೆ ಬಂದ ಅಂಕಪದ್ಧತಿಯಲ್ಲಿ ಹೆಜ್ಜೆಸಾಲಿಗೂ ದರ್ಜೆಗಳಿವೆ. 2022ರ ಬೀಜಿಂಗ್ ಒಲಿಂಪಿಕ್ಸಿನ ಕಾಲದ ನಿಯಮವನ್ನು ನೋಡಿ: ಒಂಟಿ ಆಟಗಾರನಿಗೆ ನಾಲ್ಕನೆಯ ದರ್ಜೆ ದೊರೆಯಬೇಕಾದರೆ ಕಠಿನವಾದ ತಿರುವುಗಳೂ ಹೆಜ್ಜೆಗಳೂ ಸೇರಿ 11 ಇರಬೇಕು, ಒಂದೇ ಬಗೆಯದನ್ನು ಎರಡು ಸಲಕ್ಕಿಂತ ಹೆಚ್ಚು ಎಣಿಸುವಂತಿಲ್ಲ. ಕಠಿನವಾದ ಬಗೆಗಳಾದರೋ ಆರೇ; ತ್ರೀ ಅವುಗಳಲ್ಲಿ ಸೇರದು. ಆರೆರಡಲ ಹನ್ನೆರಡು. ಹನ್ನೆರಡರಲ್ಲಿ ಹನ್ನೊಂದು ಬೇಕೆಂದರೆ ಕೈಯಲ್ಲಿ ಉಳಿಯುವುದು ಒಂದೇ ಒಂದು. ರಾಕರೆಂದು ಹೊರಟದ್ದು ತ್ರೀಯಾಗಿ ಜಾರಿಹೋಗಿ, ಇನ್ನೊಂದು ಕಡೆ ಲೂಪು ಕೆಟ್ಟರೆ ದರ್ಜೆ ಮೂರಕ್ಕೆ ಇಳಿಯಿತು, 3.90 ಅಂಕವಿದ್ದುದು 3.30 ಆಯಿತು. ಅದೇನು ಮಹಾ ಎನ್ನಬೇಡಿ. 2018ರಲ್ಲಿ ಪ್ಯೊಂಗ್‌ಚಾಂಗಿನಲ್ಲಿ ಆಲಿನಾ ಜಗಿಟೋವಾ 239.57 ಅಂಕಗಳಿಂದ ಚಿನ್ನ ಗೆದ್ದಾಗ, ಎರಡನೆಯವಳಾದ ಎವ್ಗೆನಿಯಾ ಮೆಡ್ವೆಡೆವಾಳಿಗೆ ಬಂದದ್ದು 238.26. ಅಂತರ ಕೇವಲ 1.31.

ಇನ್ನು ನಿಧಾನಗೊಳಿಸಿದ ಚಿತ್ರವನ್ನು ನೋಡುವ ಬಗೆ. ಹೊಸಬರೆಲ್ಲ ಮಾಡುವ ತಪ್ಪೆಂದರೆ ತಿರುಗುವ ಕ್ಷಣವನ್ನೇ ದಿಟ್ಟಿಸುವುದು. ಅಲ್ಲಿ ಏನೂ ಕಾಣದು. ಸೆಕೆಂಡಿಗೆ 30 ಚಿತ್ರಗಳಂತೆ ತೆಗೆದ ವೀಡಿಯೊದಲ್ಲಿ, ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿಯುವ ತಿರುವಿಗೆ ದೊರೆಯುವುದು ಆರೇ ಚಿತ್ರ, ಅವೂ ಮಸುಕು. ಎಷ್ಟು ನಿಧಾನ ಮಾಡಿದರೂ ಕ್ಯಾಮೆರಾ ಹಿಡಿಯದೆ ಬಿಟ್ಟದ್ದು ಹುಟ್ಟಿಬರುವುದಿಲ್ಲ. ನೋಡಬೇಕಾದುದು ತಿರುವಿನ ಹಿಂದುಮುಂದು. ಹೋಗುವಾಗ ಯಾವ ಅಂಚು, ಬರುವಾಗ ಯಾವ ಅಂಚು, ನಡುವೆ ಹಿಮ್ಮಡಿಯ ಗಂಟು ಎತ್ತ ವಾಲಿತು? ರಾಕರಿನಲ್ಲಿ ಕಳ್ಳತನ ನಡೆಯುವುದು ಹೆಚ್ಚಾಗಿ ತಿರುವಿನ ಅನಂತರ: ಸುಲಭದ ತ್ರೀಯನ್ನು ಮಾಡಿ, ತಟಕ್ಕನೆ ಅಂಚು ಬದಲಿಸಿಬಿಡುವುದು. ಕೌಂಟರಿನಲ್ಲಿಯಾದರೆ ತಿರುವಿಗೆ ಮುಂಚೆಯೇ ಅಂಚು ಸದ್ದಿಲ್ಲದೆ ಬದಲಾಗಿರುತ್ತದೆ. ಇನ್ನು ಕೆಲವರು ಅಲಗನ್ನು ಹಿಮದಿಂದ ತುಸು ಎತ್ತಿ, ಹಾರಿಯೇ ತಿರುಗಿಬಿಡುತ್ತಾರೆ. ಕ್ಯಾಮೆರಾ ಆಟಗಾರನ ಜೊತೆಯಲ್ಲಿಯೇ ತಿರುಗುವುದರಿಂದ ಬಾಗಿದ ಜಾಡೂ ನೇರವಾಗಿ ತೋರಬಹುದೆಂಬುದನ್ನು ಮರೆಯಬಾರದು. ಅಂಗಣದ ಕಟಾಂಜನವನ್ನು ಗುರುತಾಗಿ ಇಟ್ಟುಕೊಂಡು ಬಾಗನ್ನು ಅಳೆಯಿರಿ.

ನನಗೆ ಇದೆಲ್ಲ ಪರಿಚಿತವೆನ್ನಿಸಿತು. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿಸುತ್ತಿರುವವನು ನಾನು. ವಿಷಮಸ್ಥಾನದಲ್ಲಿ ಜಗಣ ನುಸುಳಿದ್ದರೆ ಓದುವ ಓಟದಲ್ಲಿ ಎಷ್ಟೋ ಸಲ ತಿಳಿಯುವುದಿಲ್ಲ. ಗುರುಲಘು ಗುರುತಿಸಿದಾಗ ಕಣ್ಣಿಗೆ ಬೀಳುತ್ತದೆ. ಆದರೆ ಪ್ರಸ್ತಾರದಲ್ಲಿ ಹತ್ತಕ್ಕೆ ಹತ್ತು ತೆಗೆದ ಹುಡುಗನೇ ಎದ್ದುನಿಂತು ಪದ್ಯವನ್ನು ಮುಗ್ಗರಿಸುತ್ತ ಓದುವುದನ್ನೂ ಕಂಡಿದ್ದೇನೆ. ಕಾಲುವೇಗದ ಚಿತ್ರ ಅಂಚನ್ನು ತೋರಿಸುತ್ತದೆ, ಓಟವನ್ನು ನುಂಗಿಬಿಡುತ್ತದೆ. ಹೆಜ್ಜೆ ತಾಳಕ್ಕೆ ಬಿತ್ತೇ, ಒಂದು ತಿರುವಿನ ವೇಗ ಮುಂದಿನದಕ್ಕೆ ಹರಿದುಬಂತೇ ಎಂಬುದು ಅಲ್ಲಿ ತಿಳಿಯದು. ಈ ದೋಷ ನನಗೂ ತಗಲಿತ್ತು. ಕೆಲವು ವಾರ ನಾನು ತಪ್ಪು ಹಿಡಿಯುವುದರಲ್ಲಿಯೇ ಮುಳುಗಿ, ಮಗಳು “ಅಪ್ಪಾ, ಒಂದು ಸಲ ಸುಮ್ಮನೆ ನೋಡಿ” ಎಂದು ಬೇಡಿಕೊಳ್ಳುವಂತಾಯಿತು.

ತಾವು ಪ್ರಯತ್ನಿಸುವುದಾದರೆ ಅಮೆರಿಕದ ಜೇಸನ್ ಬ್ರೌನ್ ಎಂಬ ಆಟಗಾರನಿಂದ ಆರಂಭಿಸಬಹುದು. ನಾಲ್ಕು ಸುತ್ತಿನ ನೆಗೆತವನ್ನು ಒಂದೂ ಹಾಕದೆ ಬೀಜಿಂಗಿನಲ್ಲಿ ಆರನೆಯ ಸ್ಥಾನ ಪಡೆದವನು ಆತ. ಮೊದಲು ಪೂರ್ಣ ವೇಗದಲ್ಲಿ ನೋಡಿ. ಅನಂತರ ನಿಧಾನವಾಗಿ, ಒಂದೊಂದೇ ತಿರುವನ್ನು ಹೆಸರಿಸುತ್ತ. ಮತ್ತೆ ಪೂರ್ಣ ವೇಗಕ್ಕೆ ಬನ್ನಿ. ಈ ಮೂರನೆಯ ಸಲ, ವಾದ್ಯಗೋಷ್ಠಿ ತಗ್ಗಿದ ಕಡೆಯಲ್ಲಿ ಕಣ್ಣು ಮುಚ್ಚಿ ಆಲಿಸಿ. ರೇಡಿಯೋ ಕೇಳಿ ಪಳಗಿದ ಕಿವಿಗೆ ಇದು ಕಷ್ಟವಲ್ಲ. ಆಳವಾದ ಅಂಚು ಹಿಮವನ್ನು ಸೀಳುವಾಗ ದಪ್ಪ ರೇಷ್ಮೆ ಹರಿದಂಥ ಸದ್ದು ಬರುತ್ತದೆ. ಕೆರೆದುಕೊಂಡು ತಿರುಗಿದ ಅಲಗು ಕರಕರ ಎನ್ನುತ್ತದೆ. ನಿಧಾನಗೊಳಿಸಿದ ತುಣುಕಿನಲ್ಲಿ ಈ ಸದ್ದು ಕೆಟ್ಟುಹೋಗಿರುತ್ತದೆ. ನಮ್ಮ ಮನೆಯಲ್ಲಿ ಈಗ ಕಾಫಿಗೆ ಏಳುವುದು ನೆಗೆತಗಳ ಹೊತ್ತಿನಲ್ಲಿ.